ಅಭ್ಯಾಸಪುಸ್ತಕದ ಮೂರು ಅಧ್ಯಾಯಗಳು: ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗಾಗಿ ರಚಿತವಾದ ಇಂಗ್ಲಿಷ್ ಅಭ್ಯಾಸಗಳ ವಿಮರ್ಶೆ

ಶಾಲಾ ವಿದ್ಯಾರ್ಥಿಗಳಿಗಾಗಿ ಬರೆದ ಇಂಗ್ಲಿಷ್ ಅಭ್ಯಾಸಪುಸ್ತಕಗಳನ್ನು ಭಾಷಾವಿಜ್ಞಾನದ ಪತ್ರಿಕೆಗಳು ವಿಮರ್ಶೆಗೆ ಎತ್ತಿಕೊಳ್ಳುವುದು ವಿರಳ. ಅವು ಪರೀಕ್ಷೆಯ ಸರಕು, ಅವುಗಳ ಹಿಂದೆ ಸಿದ್ಧಾಂತವೆಂಬುದಿಲ್ಲ ಎಂಬ ಅಸಡ್ಡೆ ನಮ್ಮಲ್ಲಿ ಬೇರೂರಿದೆ. ಆದರೆ ಸಿದ್ಧಾಂತವಿಲ್ಲದ ಅಭ್ಯಾಸಪುಸ್ತಕವೇ ಇಲ್ಲ. ಹೇಳದೆ ಉಳಿದ ಸಿದ್ಧಾಂತವುಳ್ಳ ಪುಸ್ತಕಗಳಿವೆ, ಅಷ್ಟೆ. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಪ್ರವೇಶಿಸಿತು. ಅಲ್ಲಿಂದ ಹತ್ತನೆಯ ತರಗತಿಯವರೆಗೆ ಕನ್ನಡದ ಮಗು ಒಂದು ಭಾಷೆಯ ರಚನೆಯನ್ನು ಕುರಿತು ಓದುವ, ಕೇಳುವ, ಬರೆದು ತೋರಿಸುವ ಮಾತುಗಳಲ್ಲಿ ದೊಡ್ಡ ಪಾಲು ಇಂಥ ಪುಸ್ತಕಗಳಿಂದ ಬರುತ್ತದೆ. ನಮ್ಮ ಶಾಸ್ತ್ರದ ಬಗ್ಗೆ ಸಮಾಜದಲ್ಲಿ ಹರಡಿರುವ ಕಲ್ಪನೆ ಎಲ್ಲಿ ರೂಪುಗೊಳ್ಳುತ್ತದೆಂದು ಕೇಳಿದರೆ, ವಿಶ್ವವಿದ್ಯಾಲಯದಲ್ಲಲ್ಲ, ಇಲ್ಲಿ ಎಂದೇ ಹೇಳಬೇಕಾಗುತ್ತದೆ.

ಈ ಪುಸ್ತಕಗಳ ಒಳರಚನೆ ಬಹುಮಟ್ಟಿಗೆ ಒಂದೇ. ಮೊದಲು ವ್ಯಾಕರಣ: ಆರ್ಟಿಕಲ್‌ಗಳು, ಕಾಲಗಳು, ಕರ್ತರಿ-ಕರ್ಮಣಿ ಪ್ರಯೋಗ, ಪರೋಕ್ಷ ಕಥನ, ಕ್ವೆಶ್ಚನ್ ಟ್ಯಾಗ್. ನಂತರ ಪದರೂಪಗಳ ಕೋಷ್ಟಕ. ಕೊನೆಯಲ್ಲಿ, ಹಲವು ಸಲ ಎರಡೇ ಪುಟಗಳಲ್ಲಿ, ಉಚ್ಚಾರಣೆ. ಈ ವಿಭಜನೆಯ ಮೊದಲರ್ಧದ ವಂಶವೃಕ್ಷ ಸ್ಪಷ್ಟವಾಗಿಯೇ ಇದೆ. ರೆನ್ ಮತ್ತು ಮಾರ್ಟಿನ್ ಅವರ ಹೈಸ್ಕೂಲ್ ವ್ಯಾಕರಣವು, ಎನ್. ಡಿ. ವಿ. ಪ್ರಸಾದ ರಾವ್ ಅವರ ಪರಿಷ್ಕರಣದ ಮೂಲಕ, ಇಂದಿಗೂ ಅಂಗಡಿಗಳಲ್ಲಿ ದೊರೆಯುತ್ತದೆ. ವಾಕ್ಯವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸುವ ಅಭ್ಯಾಸವನ್ನು ನಮ್ಮ ಶಾಲೆಗಳಲ್ಲಿ ವ್ಯಾಕರಣದ ಪರ್ಯಾಯಪದವಾಗಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಅದು ಬರೆಹದ ಇಂಗ್ಲಿಷಿನ ವ್ಯಾಕರಣ. ಉಚ್ಚಾರಣೆಯ ಅಧ್ಯಾಯವು ಬೇರೊಂದು ಪರಂಪರೆಯಿಂದ, ಡೇನಿಯಲ್ ಜೋನ್ಸ್ 1917ರಲ್ಲಿ ಪ್ರಕಟಿಸಿದ ಉಚ್ಚಾರಣಾ ನಿಘಂಟಿನ ದಾರಿಯಿಂದ, ತಡವಾಗಿ ಬಂದು ಸೇರಿಕೊಂಡದ್ದು. ಎರಡು ಪರಂಪರೆಗಳ ನಡುವಿನ ಹೊಲಿಗೆಯನ್ನು ಯಾರೂ ಹಾಕಿಲ್ಲ. ಪ್ರಸ್ತುತ ಲೇಖನದಲ್ಲಿ ನಾವು ಯಾವುದೇ ಒಂದು ಪುಸ್ತಕವನ್ನು ಪರಿಶೀಲಿಸುತ್ತಿಲ್ಲ. ಈ ಬರೆಹಪ್ರಕಾರವನ್ನು ಪರಿಶೀಲಿಸುತ್ತಿದ್ದೇವೆ. ಅದರ ಬಿಡಿ ದೋಷಗಳಿಗಿಂತ ಮೂರು ಅಧ್ಯಾಯಗಳ ವಿಂಗಡಣೆಯೇ ಹೆಚ್ಚು ಹಾನಿಕರವೆಂಬುದು ನಮ್ಮ ವಾದ.

ಒಂದು ಪ್ರಶ್ನೆ

ಪ್ರೌಢಶಾಲಾ ಶಿಕ್ಷಕರ ತರಬೇತಿಯೊಂದರಲ್ಲಿ ನಾವು ಭಾಗವಹಿಸಿದ್ದಾಗ ಹಿರಿಯ ಶಿಕ್ಷಕರೊಬ್ಬರು ಎದ್ದುನಿಂತು, “ಮೇಡಂ, ವಾಕ್ಡ್ ಅಂತ ಹೇಳಿಸಬೇಕೋ, ವಾಕ್ಟ್ ಅಂತಲೋ? ಹುಡುಗರಂತೂ ವಾಕೆಡ್ ಅಂತಾರೆ” ಎಂದು ಕೇಳಿದರು. ನಾವು ಉತ್ತರಿಸುವ ಮೊದಲೇ ಪಕ್ಕದಲ್ಲಿದ್ದವರು, “ಅದು ಪರೀಕ್ಷೆಗೆ ಬರೋದಿಲ್ಲ, ಬಿಡಿ ಸಾರ್” ಎಂದರು. ಸಭೆ ನಕ್ಕಿತು. ಅವರ ಕೈಯಲ್ಲಿದ್ದ ಅಭ್ಯಾಸಪುಸ್ತಕವನ್ನು ಊಟದ ಬಿಡುವಿನಲ್ಲಿ ಪಡೆದು ನೋಡಿದೆವು. ಭೂತಕಾಲದ ಅಧ್ಯಾಯದಲ್ಲಿ ‘ಇ-ಡಿ ಸೇರಿಸಿ’ ಎಂಬ ಸೂಚನೆಯಿತ್ತು. ಉಚ್ಚಾರಣೆಯ ಅಧ್ಯಾಯದಲ್ಲಿ ಮೌನಾಕ್ಷರಗಳ ಪಟ್ಟಿಯಿತ್ತು. ಆ ಶಿಕ್ಷಕರ ಪ್ರಶ್ನೆಗೆ ಎರಡರಲ್ಲಿ ಎಲ್ಲಿಯೂ ಜಾಗವಿರಲಿಲ್ಲ.

ಉತ್ತರ ನಮ್ಮ ಓದುಗರಿಗೆ ತಿಳಿದದ್ದೇ. ಧಾತುವಿನ ಕೊನೆಯ ಧ್ವನಿ ಟ್ ಅಥವಾ ಡ್ ಆಗಿದ್ದರೆ ಪ್ರತ್ಯಯವು ‘ಇಡ್’ (ವಾಂಟಿಡ್, ನೀಡಿಡ್). ಬೇರೆ ಅಘೋಷ ಧ್ವನಿಯಾಗಿದ್ದರೆ ‘ಟ್’ (ವಾಕ್ಟ್, ಲಾಫ಼್ಟ್). ಉಳಿದೆಡೆ ‘ಡ್’ (ಪ್ಲೇಡ್, ರಬ್ಡ್). ಒಂದು ಆಕೃತಿಮಾ, ಮೂರು ಉಪಾಕೃತಿಗಳು, ಧ್ವನಿಪರಿಸರದಿಂದ ಪೂರ್ತಿಯಾಗಿ ನಿರ್ಧರಿತವಾದ ಹಂಚಿಕೆ. ಬಹುವಚನದ ಸ್, ಜ಼್, ಇಜ಼್‌ಗಳ ಹಂಚಿಕೆಯೂ ಇದೇ ಬಗೆಯದು. ಜೀನ್ ಬರ್ಕೊ 1958ರಲ್ಲಿ ‘ವಗ್’ ಎಂಬ ಅರ್ಥವಿಲ್ಲದ ಪದವನ್ನು ಮುಂದಿಟ್ಟು, ಇಂಗ್ಲಿಷ್ ಮನೆಮಾತಿನ ಎಳೆಯ ಮಕ್ಕಳು ಈ ನಿಯಮವನ್ನು ಪಟ್ಟಿಯಾಗಿ ಅಲ್ಲ, ನಿಯಮವಾಗಿಯೇ ಬಲ್ಲರೆಂದು ತೋರಿಸಿದ್ದು ಇದೇ ಸಾಮಗ್ರಿಯಿಂದ. ವ್ಯಾಕರಣ, ಪದರೂಪ, ಉಚ್ಚಾರಣೆ ಮೂರೂ ಒಂದೇ ಬಿಂದುವಿನಲ್ಲಿ ಕೂಡುವ ಜಾಗವಿದು. ಲರ್ನ್ ಎಂಬ ಒಂದೇ ಪದವನ್ನು ನೋಡಬಹುದು. ಕ್ರಿಯಾಪದದ ಭೂತರೂಪವಾದಾಗ ಅದಕ್ಕೆ ಒಂದೇ ಸಿಲಬಲ್. ‘ವಿದ್ವಾಂಸ’ ಎಂಬರ್ಥದ ಗುಣವಾಚಕವಾದಾಗ ‘ಲರ್ನಿಡ್’ ಎಂದು ಎರಡು. ಬರೆಹದಲ್ಲಿ ಎರಡೂ ಒಂದೇ. ವಿಕೆಡ್, ನೇಕೆಡ್ ಮುಂತಾದವೂ ಇದೇ ಪಂಗಡದವು. ‘ವಾಕೆಡ್’ ಎನ್ನುವ ಹುಡುಗ ಈ ಅಲ್ಪಸಂಖ್ಯಾತ ಮಾದರಿಯನ್ನು ಎಲ್ಲೆಡೆಗೂ ಹರಡಿದ್ದಾನೆ. ಅವನು ಕಣ್ಣಿನಿಂದ ಕಲಿತ ಭಾಷೆಯಲ್ಲಿ ಅದು ತರ್ಕಬದ್ಧವೇ.

ಇಂಗ್ಲಿಷಿನ ಈ ವ್ಯವಸ್ಥೆ ಕನ್ನಡದ ಮಗುವಿಗೆ ಕಠಿಣವೆಂಬ ಮಾತನ್ನು ನಾವು ಒಪ್ಪಲಾರೆವು. ಅದೇ ಮಗು ಮಾಡು–ಮಾಡಿದ, ಹೋಗು–ಹೋದ, ಬರು–ಬಂದ, ಕೊಡು–ಕೊಟ್ಟ, ನಗು–ನಕ್ಕ, ಬೀಳು–ಬಿದ್ದ, ಸಾಯು–ಸತ್ತ ಎಂಬ ರೂಪಗಳನ್ನು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಕಲಿತಿರುತ್ತದೆ. ಬೆಳೆ–ಬೆಳೆದ, ಆದರೆ ಕೊಳೆ–ಕೊಳೆತ. ತೆರೆ–ತೆರೆದ, ಆದರೆ ಬೆರೆ–ಬೆರೆತ. ಇಲ್ಲಿ ದಕಾರ-ತಕಾರಗಳ ಆಯ್ಕೆಯನ್ನು ಧ್ವನಿಪರಿಸರ ನಿರ್ಧರಿಸುವುದಿಲ್ಲ, ಪದವೇ ನಿರ್ಧರಿಸುತ್ತದೆ. ಇದರೆದುರು ಇಂಗ್ಲಿಷಿನ ನಿಯತ ಭೂತಪ್ರತ್ಯಯ ಎಷ್ಟೋ ಸರಳ. ಘೋಷ-ಅಘೋಷಗಳ ಹೊಂದಾಣಿಕೆಯೂ ಕನ್ನಡ ತರಗತಿಗೆ ಹೊಸತಲ್ಲ. ವಾಕ್ ಮತ್ತು ಈಶ ಸೇರಿ ವಾಗೀಶ, ದಿಕ್ ಮತ್ತು ಅಂತ ಸೇರಿ ದಿಗಂತ ಎಂದು ಜಶ್ತ್ವ ಸಂಧಿಯಲ್ಲಿ ಅದನ್ನು ಕಲಿಸಲಾಗುತ್ತದೆ; ಮಳೆಗಾಲ, ಬೆಟ್ಟದಾವರೆಗಳನ್ನು ಆದೇಶ ಸಂಧಿಯ ಹೆಸರಿನಲ್ಲಿ ವಿವರಿಸಲಾಗುತ್ತದೆ. ಜಶ್ತ್ವದಲ್ಲಿ ಹಿಂದಿನ ಧ್ವನಿ ಮುಂದಿನದಕ್ಕೆ ಒಗ್ಗಿಕೊಂಡರೆ ವಾಕ್ಟ್‌ನಲ್ಲಿ ಮುಂದಿನದು ಹಿಂದಿನದಕ್ಕೆ ಒಗ್ಗುತ್ತದೆ. ದಿಕ್ಕು ಬೇರೆ, ಸಂಗತಿ ಒಂದೇ.

ಇಷ್ಟು ಹೇಳಿದ ಮೇಲೆ ನಮ್ಮ ವಾದಕ್ಕೆ ನಾವೇ ಒಂದು ತಡೆ ಒಡ್ಡಬೇಕು. ಕನ್ನಡ ತರಗತಿಯಲ್ಲಿ ಸಂಧಿಯ ಪಾಠವೂ ಬಹಳ ಕಡೆ ಹೆಸರು ಹಚ್ಚುವ ಪಾಠವೇ. ‘ವಾಗೀಶ’ ಎಂದೊಡನೆ ‘ಜಶ್ತ್ವ’ ಎನ್ನಬಲ್ಲ ವಿದ್ಯಾರ್ಥಿ ತನ್ನ ಗಂಟಲಿನ ಮೇಲೆ ಕೈಯಿಟ್ಟು ಕ್ ಮತ್ತು ಗ್‌ಗಳ ವ್ಯತ್ಯಾಸವನ್ನು ಎಂದೂ ಮುಟ್ಟಿ ನೋಡಿಲ್ಲದಿರಬಹುದು. ಆದ್ದರಿಂದ ಕನ್ನಡ ವ್ಯಾಕರಣದ ಜ್ಞಾನ ತಾನಾಗಿ ಇಂಗ್ಲಿಷಿಗೆ ಹರಿದುಬರುತ್ತದೆಂದು ನಾವು ಹೇಳುತ್ತಿಲ್ಲ. ಎರಡು ಪುಸ್ತಕಗಳೂ ಒಂದೇ ಕೊರತೆಯನ್ನು ಹಂಚಿಕೊಂಡಿವೆ.

ನಾಲ್ಕು ಕಂಬಸಾಲುಗಳ ಕೋಷ್ಟಕ

ಪದರೂಪಗಳ ಅಭ್ಯಾಸವು ನಾಲ್ಕು ಕಂಬಸಾಲುಗಳ ಕೋಷ್ಟಕವಾಗಿ ಬರುತ್ತದೆ: ನಾಮಪದ, ಕ್ರಿಯಾಪದ, ಗುಣವಾಚಕ, ಕ್ರಿಯಾವಿಶೇಷಣ. ಬ್ಯೂಟಿ, ಬ್ಯೂಟಿಫೈ, ಬ್ಯೂಟಿಫುಲ್, ಬ್ಯೂಟಿಫುಲ್ಲಿ. ಮುಂದಿನ ಸಾಲುಗಳಲ್ಲಿ ಒಂದೊಂದು ಮನೆ ಖಾಲಿ, ಅದನ್ನು ತುಂಬಬೇಕು. ಪರೀಕ್ಷೆಯಲ್ಲಿ ವಾಕ್ಯ ಕೊಟ್ಟು ಕಂಸದಲ್ಲಿನ ಪದದ ತಕ್ಕ ರೂಪವನ್ನು ಬರೆಯಿರಿ ಎನ್ನಲಾಗುತ್ತದೆ.

ಕೋಷ್ಟಕದ ಮೊದಲ ದೋಷ ಅದರ ಸಮರೂಪತೆ. ಪ್ರತಿಯೊಂದು ಧಾತುವಿಗೂ ನಾಲ್ಕು ಮನೆಗಳಿವೆ, ಎಲ್ಲವೂ ತುಂಬಿರುತ್ತವೆ ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ಹಾರ್ಡ್ ಎಂಬುದರ ಕ್ರಿಯಾವಿಶೇಷಣ ಹಾರ್ಡ್ ಎಂದೇ. ಹಾರ್ಡ್ಲಿ ಎಂದು ತುಂಬಿದರೆ ಕಷ್ಟಪಟ್ಟು ದುಡಿದವನು ದುಡಿಯದೇ ಇದ್ದವನಾಗುತ್ತಾನೆ. ಫ್ರೆಂಡ್ಲಿ ಲಿ-ಕಾರಾಂತವಾದರೂ ಗುಣವಾಚಕ. ಸೆನ್ಸ್‌ನಿಂದ ಸೆನ್ಸಿಬಲ್ ಮತ್ತು ಸೆನ್ಸಿಟಿವ್, ಎಕನಮಿಯಿಂದ ಎಕನಾಮಿಕ್ ಮತ್ತು ಎಕನಾಮಿಕಲ್. ಒಂದು ಮನೆಯಲ್ಲಿ ಇಬ್ಬರು ವಾಸಿಗಳು, ಸಂಬಂಧ ಅಷ್ಟೇನೂ ಹತ್ತಿರದ್ದಲ್ಲ. ಸಾಧಿತ ಪದಗಳ ಲೋಕವನ್ನು ವಿಭಕ್ತಿಪಟ್ಟಿಯ ಅಚ್ಚಿನಲ್ಲಿ ಎರಕ ಹೊಯ್ದದ್ದರ ಫಲವಿದು.

ಆದರೆ ಹೆಚ್ಚು ಗಂಭೀರವಾದದ್ದು ಬೇರೆ. ಕೋಷ್ಟಕವು ಎರಡು ಭಿನ್ನ ಬಗೆಯ ಪ್ರತ್ಯಯಗಳನ್ನು ಒಂದೇ ಸಾಲಿನಲ್ಲಿ ಕೂರಿಸುತ್ತದೆ. ನೆಸ್, ಫುಲ್, ಲೆಸ್, ಲಿ ಮುಂತಾದವು ಪ್ರಕೃತಿಯನ್ನು ಮುಟ್ಟದೆ ಹೊರಗಿನಿಂದ ಅಂಟಿಕೊಳ್ಳುತ್ತವೆ: ಕೈಂಡ್–ಕೈಂಡ್‌ನೆಸ್, ಹ್ಯಾಪಿ–ಹ್ಯಾಪಿನೆಸ್. ಇಟಿ, ಇಕ್, ಇಯನ್ ಮುಂತಾದವು ಪ್ರಕೃತಿಯ ಒಳಹೊಕ್ಕು ಸ್ವರವನ್ನೂ ಒತ್ತನ್ನೂ ಬದಲಿಸುತ್ತವೆ: ಸೇನ್–ಸ್ಯಾನಿಟಿ, ಡಿವೈನ್–ಡಿವಿನಿಟಿ, ಸೆರೀನ್–ಸೆರೆನಿಟಿ. ಫೋಟೋಗ್ರಾಫ್ ಎಂಬಲ್ಲಿ ಒತ್ತು ಮೊದಲ ಸಿಲಬಲ್ಲಿನ ಮೇಲೆ, ಫೋಟೋಗ್ರಫಿಯಲ್ಲಿ ಎರಡನೆಯದರ ಮೇಲೆ, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದರ ಮೇಲೆ. ಒತ್ತು ಕಳೆದುಕೊಂಡ ಸ್ವರಗಳು ಸವೆದು ತಟಸ್ಥ ಸ್ವರವಾಗುತ್ತವೆ. ಇದರಿಂದಾಗಿಯೇ ಚಾಮ್‌ಸ್ಕಿ ಮತ್ತು ಹ್ಯಾಲೆ ತಮ್ಮ 1968ರ ಗ್ರಂಥದಲ್ಲಿ, ಇಂಗ್ಲಿಷಿನ ಕಾಗುಣಿತವು ನೋಟಕ್ಕೆ ಕಾಣುವಷ್ಟು ಅಸ್ತವ್ಯಸ್ತವಲ್ಲ, ಸಂಬಂಧಿತ ಪದಗಳ ಒಳರೂಪವನ್ನು ಅದು ಕಾಪಾಡುತ್ತದೆ ಎಂದು ವಾದಿಸಿದ್ದು. ಸೈನ್ ಎಂಬಲ್ಲಿ ಮೌನವಾಗಿರುವ ಜಿ-ಅಕ್ಷರ ಸಿಗ್ನೇಚರ್‌ನಲ್ಲಿ ಬಾಯಿಬಿಡುತ್ತದೆ. ಉಚ್ಚಾರಣೆಯ ಅಧ್ಯಾಯದ ‘ಮೌನಾಕ್ಷರಗಳ ಪಟ್ಟಿ’ಯಲ್ಲಿ ಉರುಹೊಡೆಸುವ ಅದೇ ಜಿ-ಅಕ್ಷರವು ಪದರೂಪದ ಅಧ್ಯಾಯದಲ್ಲಿ ಇದ್ದಿದ್ದರೆ ಮೌನವಾಗಿಯೇ ಇರುತ್ತಿರಲಿಲ್ಲ.

ಈ ಎರಡು ಸ್ತರಗಳ ವ್ಯವಸ್ಥೆ ಕನ್ನಡದ ವಿದ್ಯಾರ್ಥಿಗೆ ಅಪರಿಚಿತವೇ? ತದ್ಧಿತಾಂತಗಳ ಪಾಠದಲ್ಲಿ ಅವನು ಜಾಣ–ಜಾಣತನ, ಸೋಮಾರಿ–ಸೋಮಾರಿತನ ಎಂಬುವನ್ನು ಓದಿದ್ದಾನೆ, ಪ್ರಕೃತಿ ಅಲ್ಲಾಡಿಲ್ಲ. ಸುಂದರ–ಸೌಂದರ್ಯ, ಧೀರ–ಧೈರ್ಯ, ಶೂರ–ಶೌರ್ಯ, ಚತುರ–ಚಾತುರ್ಯ ಎಂಬುವನ್ನೂ ಓದಿದ್ದಾನೆ; ಪ್ರಕೃತಿಯ ಮೊದಲ ಸ್ವರ ವೃದ್ಧಿಗೊಂಡಿದೆ. ಮೊದಲನೆಯದು ಅಚ್ಚಗನ್ನಡದ ಪ್ರತ್ಯಯ, ಎರಡನೆಯದು ಸಂಸ್ಕೃತದಿಂದ ಪದಗಳ ಜೊತೆಗೇ ಬಂದ ಪ್ರಕ್ರಿಯೆ. ಇಂಗ್ಲಿಷಿನಲ್ಲಿಯೂ ನೆಸ್ ಜರ್ಮ್ಯಾನಿಕ್ ಮೂಲದ್ದು, ಇಟಿ ಲ್ಯಾಟಿನ್-ಫ್ರೆಂಚ್ ದಾರಿಯಿಂದ ಬಂದದ್ದು. ಎರಡೂ ಭಾಷೆಗಳು ವಿದ್ವತ್ತಿನ ಭಾಷೆಯೊಂದರಿಂದ ಪದಗಳನ್ನು ತಂದುಕೊಂಡಾಗ ಅವುಗಳ ಧ್ವನಿನಿಯಮದ ಒಂದು ತುಣುಕನ್ನೂ ತಂದುಕೊಂಡವು. ಪ್ರಯೋಗವ್ಯಾಪ್ತಿಯಲ್ಲಿಯೂ ಸಾಮ್ಯವಿದೆ. ‘ಧೀರತನ’ ಎಂದರೆ ಯಾರೂ ಬೆಚ್ಚುವುದಿಲ್ಲ. ಜಾಣದಿಂದ ‘ಜಾಣ್ಯ’ ಎಂದು ಮಾಡಿದರೆ ನಗು ಬರುತ್ತದೆ. ಹಾಗೆಯೇ ನೆಸ್ ಲ್ಯಾಟಿನ್ ಮೂಲದ ಪ್ಯಾಸಿವ್‌ಗೂ ಸೇರಿ ಪ್ಯಾಸಿವ್‌ನೆಸ್ ಆಗುತ್ತದೆ, ಆದರೆ ಕೈಂಡ್‌ನಿಂದ ‘ಕೈಂಡಿಟಿ’ ಆಗದು. ‘ಕೈಂಡಿಟಿ’ ಎಂದು ಬರೆದ ವಿದ್ಯಾರ್ಥಿಗೆ ಕೆಂಪು ಗೆರೆ ಎಳೆಯುವ ಬದಲು ‘ಜಾಣ್ಯ’ ಏಕೆ ಕೂಡದೆಂದು ಕೇಳಬಹುದಿತ್ತು.

ಸಾಮ್ಯವನ್ನು ಹೆಚ್ಚು ಎಳೆಯುವುದೂ ಸರಿಯಲ್ಲ. ಸರಳ–ಸರಳತೆ ಎಂಬಲ್ಲಿ ಪ್ರತ್ಯಯ ಸಂಸ್ಕೃತದ್ದೇ ಆದರೂ ಪ್ರಕೃತಿ ಬದಲಾಗಿಲ್ಲ. ಇಂಗ್ಲಿಷಿನಲ್ಲೂ ಗವರ್ನ್–ಗವರ್ನ್‌ಮೆಂಟ್ ಎಂಬಲ್ಲಿ ಮೆಂಟ್ ಪರಕೀಯವಾದರೂ ಒತ್ತು ಸರಿಯುವುದಿಲ್ಲ. ಮೂಲವೇ ವರ್ತನೆಯನ್ನು ನಿರ್ಧರಿಸುತ್ತದೆಂದು ಸೂತ್ರ ಕಟ್ಟಿದರೆ ಎರಡೂ ಭಾಷೆಗಳಲ್ಲಿ ಸೋಲು. ವೃದ್ಧಿಯು ಸ್ವರವನ್ನು ಹಿಗ್ಗಿಸುತ್ತದೆ, ಇಟಿ ಅದನ್ನು ಹ್ರಸ್ವಗೊಳಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡದಲ್ಲಿ ಒತ್ತು ಅರ್ಥಭೇದಕವಲ್ಲವಾದ್ದರಿಂದ ಒತ್ತಿನ ಚಲನೆಗೆ ನೇರವಾದ ಸಾದೃಶ್ಯವೇ ಇಲ್ಲ.

ನೇರವಾದದ್ದಿಲ್ಲ, ಆದರೆ ಪಕ್ಕದ ದಾರಿಯೊಂದಿದೆ. ಛಂದಸ್ಸಿನ ಪಾಠದಲ್ಲಿ ವಿದ್ಯಾರ್ಥಿ ಪದ್ಯಕ್ಕೆ ಪ್ರಸ್ತಾರ ಹಾಕುತ್ತಾನೆ. ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನದು ಗುರು, ಉಳಿದದ್ದು ಲಘು. ಸಿಲಬಲ್ಲಿನ ತೂಕವನ್ನು ಇಷ್ಟು ಖಚಿತವಾಗಿ ಎಣಿಸಲು ಇಂಗ್ಲಿಷ್ ಮನೆಮಾತಿನ ಮಗುವಿಗೂ ಯಾರೂ ಕಲಿಸುವುದಿಲ್ಲ. ಲ್ಯಾಟಿನ್ ಮಾದರಿಯ ಇಂಗ್ಲಿಷ್ ನಾಮಪದಗಳಲ್ಲಿ ಒತ್ತು ಬೀಳುವುದು ಇದೇ ತೂಕವನ್ನು ನೋಡಿಕೊಂಡು. ಕೊನೆಯ ಸಿಲಬಲ್ಲನ್ನು ಲೆಕ್ಕದಿಂದ ಬಿಡಿ. ಅದರ ಹಿಂದಿನದು ಗುರುವಾದರೆ ಒತ್ತು ಅಲ್ಲಿ, ಲಘುವಾದರೆ ಇನ್ನೂ ಒಂದು ಹೆಜ್ಜೆ ಹಿಂದೆ. ಅಜೆಂಡಾ, ಅರೋಮಾ ಒಂದು ಕಡೆ; ಸಿನಿಮಾ, ಅಮೆರಿಕಾ ಇನ್ನೊಂದು ಕಡೆ. ವೆನಿಲಾ ಈ ನಿಯಮವನ್ನು ಮುರಿಯುತ್ತದೆ: ಎರಡನೆಯ ಸಿಲಬಲ್ ಉಚ್ಚಾರಣೆಯಲ್ಲಿ ಲಘುವಾದರೂ ಒತ್ತು ಅಲ್ಲಿಯೇ. ಇಂಥ ಪದಗಳಿಗಾಗಿ ಚಾಮ್‌ಸ್ಕಿ ಮತ್ತು ಹ್ಯಾಲೆ ಅಮೂರ್ತ ಸ್ತರದಲ್ಲಿ ದ್ವಿತ್ವವನ್ನು ಕಲ್ಪಿಸಬೇಕಾಯಿತು. ಕನ್ನಡಿಗರು ಐಸ್‌ಕ್ರೀಮಿನ ಅಂಗಡಿಯ ಫಲಕದಲ್ಲಿ ‘ವೆನಿಲ್ಲಾ’ ಎಂದು ಬರೆದು ಆ ದ್ವಿತ್ವವನ್ನು ಮೂರ್ತಗೊಳಿಸಿಬಿಟ್ಟಿದ್ದಾರೆ. ಇಕ್ ಪ್ರತ್ಯಯದ ಹಿಂದಿನ ಸಿಲಬಲ್ಲಿಗೆ ಒತ್ತು ಎಂಬ ನಿಯಮಕ್ಕೂ ಕ್ಯಾಥೊಲಿಕ್, ಪಾಲಿಟಿಕ್ಸ್‌ನಂಥ ಅಪವಾದಗಳಿವೆ. ಅಪವಾದಗಳಿರುವ ನಿಯಮವನ್ನು ಕಲಿಸಬಾರದೆಂದಾದರೆ ಮೊದಲು ಕೈಬಿಡಬೇಕಾದದ್ದು ‘ಇ-ಡಿ ಸೇರಿಸಿ’ ಎಂಬುದನ್ನೇ.

ಲಿಪಿ ಮತ್ತು ನಾಲಗೆ

ಉಚ್ಚಾರಣೆಯ ಅಧ್ಯಾಯಗಳು ಕನ್ನಡ ಲಿಪಿಯನ್ನು ಧ್ವನಿಲಿಪಿಯಾಗಿ ಬಳಸುತ್ತವೆ. ಬೇರೆ ದಾರಿ ಕಡಿಮೆ. ಅದನ್ನು ನಾವು ಆಕ್ಷೇಪಿಸುವುದಿಲ್ಲ, ಈ ಲೇಖನವೂ ಅದನ್ನೇ ಮಾಡುತ್ತಿದೆ. ಆಕ್ಷೇಪವಿರುವುದು ಲಿಪಿಯ ಮಿತಿಯನ್ನು ಹೇಳದಿರುವುದರ ಬಗ್ಗೆ. ವ ಎಂಬ ಒಂದೇ ಅಕ್ಷರ ವೈನ್ ಎಂಬೆರಡು ಪದಗಳ ಮೊದಲ ವ್ಯಂಜನಗಳನ್ನು ಒಂದಾಗಿಸುತ್ತದೆ. ಬಳ್ಳಿಯೂ ಮದ್ಯವೂ ಒಂದೇ ಆಗುತ್ತವೆ. ತಟಸ್ಥ ಸ್ವರಕ್ಕೆ ಅಕ್ಷರವೇ ಇಲ್ಲದ್ದರಿಂದ ಪ್ರತಿಯೊಂದು ಸ್ವರವೂ ಪೂರ್ಣಸ್ವರವಾಗಿ ಮುದ್ರಿತವಾಗುತ್ತದೆ. ಒತ್ತಿನ ಪಾಠ ಆರಂಭವಾಗುವ ಮೊದಲೇ ಸೋಲುತ್ತದೆ. ಒತ್ತಿರುವ ಅಕ್ಷರದ ಕೆಳಗೆ ಒಂದು ಗೆರೆ ಎಳೆದಿದ್ದರೂ ಅರ್ಧ ಕೆಲಸವಾಗುತ್ತಿತ್ತು.

ಪದಾದಿಯ ಎ, ಒಗಳ ವಿಷಯ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಎಲೆ, ಎಲ್ಲಿಗಳು ಯಕಾರದ ಸೋಂಕಿನಿಂದಲೂ ಒಂದು, ಒಳಗೆಗಳು ವಕಾರದ ಸೋಂಕಿನಿಂದಲೂ ಆರಂಭವಾಗುತ್ತವೆ. ಆ ಅಭ್ಯಾಸದಲ್ಲಿ ಎಗ್ ‘ಯೆಗ್’ ಆಗುತ್ತದೆ, ಓನ್ಲಿ ‘ವೋನ್ಲಿ’ ಆಗುತ್ತದೆ. ಆರ್ಟಿಕಲ್ ಅಧ್ಯಾಯವಾದರೋ ‘ಅಕ್ಷರವನ್ನು ನೋಡಬೇಡಿ, ಧ್ವನಿಯನ್ನು ಕೇಳಿ; ಸ್ವರಧ್ವನಿಯಿದ್ದರೆ ಆ್ಯನ್’ ಎಂದು ಸರಿಯಾಗಿಯೇ ಹೇಳುತ್ತದೆ. ಯೂನಿವರ್ಸಿಟಿಗೆ ಯಕಾರವಿರುವುದರಿಂದ ಎ. ಹಾಗಾದರೆ ತನ್ನ ಬಾಯಲ್ಲಿ ಯಕಾರದಿಂದಲೇ ಹೊರಡುವ ‘ಯೆಗ್’ಗೆ ಏನು? ನಿಯಮವನ್ನು ನಂಬಿ ತನ್ನ ಕಿವಿಯನ್ನೇ ಕೇಳಿದ ವಿದ್ಯಾರ್ಥಿ ತಪ್ಪು ಉತ್ತರ ಬರೆಯುತ್ತಾನೆ. ನಿಯಮವನ್ನು ನಂಬದೆ ಅಕ್ಷರವನ್ನು ನೋಡಿದವನಿಗೆ ಅಂಕ ಸಿಗುತ್ತದೆ. ಇಪ್ಪತ್ತು ಪುಟಗಳಾಚೆಯ ಉಚ್ಚಾರಣೆಯ ಅಧ್ಯಾಯ ಇದನ್ನು ಬಿಡಿಸಬಹುದಿತ್ತು. ಬಿಡಿಸುವುದಿಲ್ಲ.

ಸಿಲಬಲ್ ಎಣಿಸುವ ಪ್ರಶ್ನೆಗಳಿಗೂ ಇದೇ ಗತಿ. ಬಸ್ ನಮ್ಮ ಮಾತಿನಲ್ಲಿ ಬಸ್ಸು, ಪೆನ್ ಪೆನ್ನು, ಕಾರ್ ಕಾರು, ರೋಡ್ ರೋಡು. ಇದನ್ನು ‘ಮಾತೃಭಾಷೆಯ ಪ್ರಭಾವದಿಂದಾದ ತಪ್ಪು’ ಎಂದು ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ನೋಡಬೇಕಾದದ್ದು ಅದರ ಅಚ್ಚುಕಟ್ಟು. ಹ್ರಸ್ವಸ್ವರದ ನಂತರ ವ್ಯಂಜನ ದ್ವಿತ್ವಗೊಂಡು ಉಕಾರ ಸೇರುತ್ತದೆ, ದೀರ್ಘದ ನಂತರ ದ್ವಿತ್ವವಿಲ್ಲ. ಕಲ್ಲು, ಹಲ್ಲು, ಕಣ್ಣುಗಳ ಪಕ್ಕದಲ್ಲಿ ಕಾಲು, ನೂಲುಗಳನ್ನಿಟ್ಟರೆ ಅದೇ ಮಾದರಿ (ಕೊಡು, ಬಿಡುಗಳಂಥ ಕ್ರಿಯಾಪದಗಳು ಇದಕ್ಕೆ ಒಳಪಡುವುದಿಲ್ಲ). ಬಸ್ಸು ಕನ್ನಡದ ಪದ, ಬಸ್ ಇಂಗ್ಲಿಷಿನ ಪದ. ಮೊದಲನೆಯದಕ್ಕೆ ಎರಡು ಸಿಲಬಲ್, ಎರಡನೆಯದಕ್ಕೆ ಒಂದು. ಎರಡನ್ನೂ ಬಲ್ಲ ಮಗುವಿಗೆ ಎರಡನ್ನೂ ಎಣಿಸಲು ಹೇಳಿದರೆ ಅದು ಕಲಿಯುವುದು ತಪ್ಪು-ಸರಿಯನ್ನಲ್ಲ, ಎರಡು ವ್ಯವಸ್ಥೆಗಳ ಗಡಿಯನ್ನು.

ನಮ್ಮನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಬ್ಯಾಡ್, ಕ್ಯಾಟ್ ಮುಂತಾದವುಗಳ ಸ್ವರ ‘ಕನ್ನಡದಲ್ಲಿ ಇಲ್ಲ’ ಎಂದು ಹೇಳುವ ವಾಡಿಕೆಯಿದೆ. ಶಿಷ್ಟ ಬರೆಹದ ವರ್ಣಮಾಲೆಯಲ್ಲಿ ಇಲ್ಲ, ನಿಜ. ಆದರೆ ಉತ್ತರ ಕರ್ನಾಟಕದಲ್ಲೂ ಹಳೆ ಮೈಸೂರಿನ ಹಳ್ಳಿಗಳಲ್ಲೂ ಬೇಡ ಎಂಬುದು ‘ಬ್ಯಾಡ’, ಮೇಲೆ ಎಂಬುದು ‘ಮ್ಯಾಲೆ’. ಆ ಮಗುವಿನ ನಾಲಗೆಯಲ್ಲಿ ಬೇಕಾದ ಸ್ವರ ಹುಟ್ಟಿನಿಂದಲೇ ಇದೆ. ಬೆಳಗಿನ ಕನ್ನಡ ತರಗತಿಯಲ್ಲಿ ‘ಬ್ಯಾಡ’ ಎಂದದ್ದಕ್ಕೆ ‘ಹಳ್ಳಿ ಮಾತು’ ಎಂದು ತಿದ್ದಿಸಿಕೊಂಡು ‘ಬೇಡ’ವನ್ನು ರೂಢಿಸಿಕೊಂಡ ಮಗುವಿಗೆ, ಮಧ್ಯಾಹ್ನದ ಇಂಗ್ಲಿಷ್ ತರಗತಿಯಲ್ಲಿ ‘ಬೆಡ್ ಅಲ್ಲ, ಬ್ಯಾಡ್, ನಿಮ್ಮ ಭಾಷೆಯಲ್ಲಿ ಈ ಸ್ವರ ಇಲ್ಲ’ ಎನ್ನಲಾಗುತ್ತದೆ. ಎರಡೂ ಬಾರಿ ಅದು ತಪ್ಪಿತಸ್ಥ. ಹಾಲನ್ನು ‘ಆಲು’ ಎನ್ನುವ ಮಕ್ಕಳದ್ದೂ ಇದೇ ಪಾಡು: ಕನ್ನಡದಲ್ಲಿ ಹಕಾರ ಬಿಟ್ಟದ್ದಕ್ಕೆ ನಗೆ, ಇಂಗ್ಲಿಷಿನಲ್ಲಿ ಅವರ್, ಆನೆಸ್ಟ್‌ಗಳಿಗೆ ಹಕಾರ ಸೇರಿಸಿದ್ದಕ್ಕೆ ನಗೆ. ಅತಿಶಿಷ್ಟೀಕರಣವೆಂದು ನಾವು ಪ್ರಬಂಧಗಳಲ್ಲಿ ಹೆಸರಿಡುವ ವಿದ್ಯಮಾನದ ಹಿಂದೆ ಇಂಥ ಎರಡು ನಗೆಗಳಿವೆ.

ಯಾರ ಕಿವಿಗೆ

ಯಾವ ಉಚ್ಚಾರಣೆಯನ್ನು ಸರಿ ಎನ್ನಬೇಕು ಎಂಬ ಪ್ರಶ್ನೆಯನ್ನು ಅಭ್ಯಾಸಪುಸ್ತಕಗಳು ಎತ್ತುವುದೇ ಇಲ್ಲ. ಉತ್ತರದ ಕೀಲಿಯಲ್ಲಿ ಜೋನ್ಸ್ ವರ್ಣಿಸಿದ ಇಂಗ್ಲೆಂಡಿನ ಶಿಷ್ಟ ಉಚ್ಚಾರಣೆಯನ್ನು ಮೌನವಾಗಿ ಇರಿಸುತ್ತವೆ. ಭಾರತೀಯ ಇಂಗ್ಲಿಷಿನ ಗ್ರಾಹ್ಯತೆಯನ್ನು ಕುರಿತ ಆರ್. ಕೆ. ಬನ್ಸಲ್ ಅವರ 1969ರ ಅಧ್ಯಯನವು ಪದದ ಒತ್ತಿನ ವ್ಯತ್ಯಾಸವನ್ನು ಅರ್ಥವಾಗದಿರುವಿಕೆಯ ಮುಖ್ಯ ಕಾರಣಗಳಲ್ಲಿ ಎಣಿಸಿತ್ತು. ಜೆನಿಫರ್ ಜೆಂಕಿನ್ಸ್ 2000ರಲ್ಲಿ ಮಂಡಿಸಿದ ಸ್ಪರ್ಶಭಾಷಾ ಇಂಗ್ಲಿಷಿನ ‘ತಿರುಳು’ ಪದದ ಒತ್ತನ್ನು ಹೊರಗಿಟ್ಟಿತು. ಥಕಾರದ ಘರ್ಷಧ್ವನಿಗಳನ್ನೂ ಕೈಬಿಟ್ಟಿತು. ಸ್ವರದ ಹ್ರಸ್ವ-ದೀರ್ಘ ಭೇದವನ್ನು ಉಳಿಸಿಕೊಂಡಿತು. ಇವೆರಡರ ನಡುವಿನ ವಿರೋಧ ಮೇಲುನೋಟದ್ದು. ಮನೆಮಾತಿನವರೂ ಕೇಳುಗರಾಗಿರುವ ಸನ್ನಿವೇಶ ಒಂದು, ಇಬ್ಬರಿಗೂ ಇಂಗ್ಲಿಷ್ ಪರಭಾಷೆಯಾಗಿರುವ ಸನ್ನಿವೇಶ ಇನ್ನೊಂದು. ರಾಯಚೂರಿನ ಹುಡುಗಿ ಮುಂದೆ ಹೆಚ್ಚು ಮಾತನಾಡಬೇಕಾದದ್ದು ತಮಿಳು, ಹಿಂದಿ, ಬಂಗಾಳಿ ಮನೆಮಾತಿನವರೊಡನೆ ಎಂದಾದರೆ, ಡಾಗ್ಜ಼್ ಎನ್ನದೆ ಡಾಗ್ಸ್ ಎಂದದ್ದಕ್ಕೆ ಅಂಕ ಕಳೆಯುವುದರಲ್ಲಿ ಅರ್ಥವಿಲ್ಲ. ಆದರೆ ಆಸ್ಕ್ಟ್ ಎಂಬಲ್ಲಿ ಪ್ರತ್ಯಯ ಪೂರ್ತಿ ಬಿದ್ದುಹೋದರೆ ಕಾಲಸೂಚನೆಯೇ ಬಿದ್ದುಹೋಗುತ್ತದೆ. (ವಾಕ್ಟ್ ಟು ಸ್ಕೂಲ್ ಎಂಬಂಥ ಕಡೆ ಮನೆಮಾತಿನವರ ಬಾಯಲ್ಲೂ ಎರಡು ಟಕಾರಗಳು ಒಂದಾಗುವುದುಂಟು, ಅಲ್ಲಿ ತಿದ್ದುವುದಕ್ಕೆ ಏನೂ ಇಲ್ಲ.) ಯಾವ ತಪ್ಪು ವ್ಯಾಕರಣಕ್ಕೆ ತಾಗುತ್ತದೆ, ಯಾವುದು ತಾಗುವುದಿಲ್ಲ ಎಂಬ ವಿವೇಚನೆ ಉಚ್ಚಾರಣೆಯನ್ನು ಪ್ರತ್ಯೇಕ ಅಧ್ಯಾಯವಾಗಿಟ್ಟಿರುವ ತನಕ ಸಾಧ್ಯವಿಲ್ಲ.

ಇನ್ನು ಅಭ್ಯಾಸವೇ ಬೇಕೆ ಎಂಬ ಪ್ರಶ್ನೆ. ಎನ್. ಎಸ್. ಪ್ರಭು 1979ರಿಂದ ಐದು ವರ್ಷ ಬೆಂಗಳೂರು ಯೋಜನೆಯೆಂದೇ ಹೆಸರಾದ ಪ್ರಯೋಗವನ್ನು ನಡೆಸಿ, 1987ರ ತಮ್ಮ ಗ್ರಂಥದಲ್ಲಿ ಅದನ್ನು ದಾಖಲಿಸಿದರು. ಗಮನ ಅರ್ಥದ ಮೇಲೆ, ಕೈಗೊಂಡ ಕಾರ್ಯದ ಮೇಲೆ ಇದ್ದಾಗಲೇ ವ್ಯಾಕರಣ ಒಳಗೊಳಗೇ ರೂಪುಗೊಳ್ಳುತ್ತದೆ ಎಂಬುದು ಅವರ ನಿಲುವು. ಇದನ್ನು ಮುಂದಿಟ್ಟು ಅಭ್ಯಾಸಪುಸ್ತಕಗಳನ್ನೆಲ್ಲ ಬೀದಿಗೆಸೆಯಬೇಕೆನ್ನುವವರೊಡನೆ ನಮಗೆ ಪೂರ್ತಿ ಸಹಮತವಿಲ್ಲ. ತರಗತಿಯ ಹೊರಗೆ ಇಂಗ್ಲಿಷ್ ಕಿವಿಗೆ ಬೀಳದ ಊರಿನಲ್ಲಿ ರೂಪಗಳನ್ನು ಕುರಿತ ಗಮನವೂ ಒಂದು ಬಗೆಯ ಪರಿಸರವೇ. ಆದರೆ ಯಾವುದರ ಅಭ್ಯಾಸ ಎಂಬುದು ಮುಖ್ಯ. ರಾಮನು ಹಣ್ಣನ್ನು ತಿಂದನು ಎಂಬುದನ್ನು ‘ರಾಮನಿಂದ ಹಣ್ಣು ತಿನ್ನಲ್ಪಟ್ಟಿತು’ ಎಂದು ಎರಡೂ ಭಾಷೆಗಳಲ್ಲಿ ತಿರುಗಿಸುವ ಕಸರತ್ತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಪರ್ಯಾಯದ ಒಂದು ಮಾದರಿಯನ್ನಾದರೂ ಕೊಡದೆ ಇಷ್ಟು ಟೀಕಿಸುವುದು ನ್ಯಾಯವಲ್ಲವಾದ್ದರಿಂದ, ಒಂಬತ್ತನೆಯ ತರಗತಿಗೆ ಒಂದು ಪುಟವನ್ನು ಹೀಗೆ ಕಲ್ಪಿಸಿಕೊಂಡಿದ್ದೇವೆ. ಮೇಲ್ಭಾಗದಲ್ಲಿ ಬೆಳೆದ, ಕೊಳೆತ, ಕೊಟ್ಟ, ನಕ್ಕ ಎಂಬ ಪದಗಳು. ಪ್ರತ್ಯಯ ಎಲ್ಲಿ ಬದಲಾಯಿತೆಂದು ವಿದ್ಯಾರ್ಥಿಗಳೇ ಹೇಳಬೇಕು. ಕೆಳಗೆ ವಾಂಟ್, ವಾಕ್, ಪ್ಲೇ, ರಬ್, ನೀಡ್, ಲಾಫ್. ಗಂಟಲಿನ ಮೇಲೆ ಬೆರಳಿಟ್ಟು ಕೊನೆಯ ಧ್ವನಿಯನ್ನು ಉಚ್ಚರಿಸಿ ಮೂರು ಗುಂಪು ಮಾಡಬೇಕು. ನಂತರ ಬರ್ಕೊ ಮಾಡಿದಂತೆ ಅರ್ಥವಿಲ್ಲದ ಧಾತುಗಳು: ಗ್ಲಿಪ್, ಬ್ರಾಡ್, ಮೂಜ್, ‘ನಿನ್ನೆ’ ಎಂದು ಸೇರಿಸಿ ಹೇಳಬೇಕು. ಕೊನೆಗೆ ನಿನ್ನೆಯ ದಿನವನ್ನು ಕುರಿತು ಐದು ವಾಕ್ಯ, ಮೊದಲು ಬಾಯಲ್ಲಿ, ಆಮೇಲೆ ಬರೆಹದಲ್ಲಿ. ಕಾಗುಣಿತ ಮೂರಕ್ಕೂ ಒಂದೇ ಎಂಬುದನ್ನು ಅವರೇ ಕಂಡುಕೊಳ್ಳುವವರೆಗೆ ‘ಇ-ಡಿ’ ಎಂಬ ಮಾತೆತ್ತಬಾರದು.

ಇದನ್ನು ಆ ಶಿಕ್ಷಕರಿಗೆ ಕಳುಹಿಸಿಕೊಟ್ಟಿದ್ದೆವು. ಅವರು ಎರಡು ಆಕ್ಷೇಪಗಳನ್ನು ಬರೆದರು. ಅರವತ್ತು ಮಕ್ಕಳ ತರಗತಿಯಲ್ಲಿ ಗಂಟಲು ಮುಟ್ಟಿಕೊಂಡು ನೋಡುವ ಪಾಠ ಗದ್ದಲವಾಗುತ್ತದೆ ಎಂಬುದು ಮೊದಲನೆಯದು. ಅದನ್ನು ನಾವು ಒಪ್ಪಿದ್ದೇವೆ, ಇಬ್ಬಿಬ್ಬರಾಗಿ ಮಾಡಿಸುವಂತೆ ತಿದ್ದಿದ್ದೇವೆ. ಅರ್ಥವಿಲ್ಲದ ಪದಗಳನ್ನು ಮಕ್ಕಳು ಮನೆಗೆ ಒಯ್ದರೆ ಪೋಷಕರು ನಿಘಂಟಿನಲ್ಲಿ ಹುಡುಕಿ ಸಿಗಲಿಲ್ಲವೆಂದು ದೂರು ಕೊಡುತ್ತಾರೆ ಎಂಬುದು ಎರಡನೆಯದು. ಅದಕ್ಕಾಗಿ ಗ್ಲಿಪ್, ಮೂಜ್‌ಗಳಿಗೆ ಎರಡು ಪುಟ್ಟ ಚಿತ್ರಗಳನ್ನು ಬರೆಸುತ್ತಿದ್ದೇವೆ.